ಬಾಗಿಲ ಹಿಂದಿನ ಚಪ್ಪಲಿ

ಎಪ್ಪತ್ತರ ದಶಕದ ಆ ದಿನಗಳಲ್ಲಿ ಬಳ್ಳಾರಿಯ ಬೇರೆ ಓಣಿಗಳ ಮಕ್ಕಳು ಗೋಲಿ ಆಡುತ್ತಿದ್ದರೆ, ಬ್ರೂಸ್‌ಪೇಟೆಯ ಹಿಂದಿನ ನಮ್ಮ ಓಣಿಯಲ್ಲಿ ನಾವು ಮುಷ್ಕರದ ಆಟ ಆಡುತ್ತಿದ್ದೆವು. ನಮ್ಮಪ್ಪ ಹತ್ತಿ ಮಿಲ್ಲಿನ ಕಾರ್ಮಿಕ ಸಂಘದ ಮುಂದಾಳು. ಹಾಗಾಗಿ ಆಟದಲ್ಲಿ ಮುಂದಾಳು ಯಾವಾಗಲೂ ನಾನೇ. ಹೆಣ್ಣುಹುಡುಗಿ ಎಂದು ಯಾರಾದರೂ ತಕರಾರು ತೆಗೆದರೆ ಆಟವೇ ಬಂದ್. ಮಾಲೀಕನಾಗಲು ಮಾತ್ರ ಒಬ್ಬರೂ ಒಪ್ಪುತ್ತಿರಲಿಲ್ಲ. ಅವನು ಒಳಗೆ ಅಡಗಿ ಕೂರಬೇಕು, ನಾವು ಹೊರಗೆ ಕೂಗಬೇಕು, ಕಾವಲುಗಾರ ಬಂದು "ಸಾಹುಕಾರ್ರು ಸಿರುಗುಪ್ಪಕ್ಕ ಹೋಗ್ಯಾರ್ರೀ" ಅನ್ನಬೇಕು. ಮಿಲ್ಲಿನ ನಿಜವಾದ ಕಾವಲುಗಾರ ಪ್ರತಿ ಸಲ ಹೇಳುತ್ತಿದ್ದದ್ದು ಇದನ್ನೇ. ಅಪ್ಪ ಅವನನ್ನು ಅಣಕಿಸಿದರೆ ಮನೆಯೆಲ್ಲ ನಗು.

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಕುರುಗೋಡಿನ ದೊಡ್ಡಬಸಪ್ಪ ಮಾಮ, ಮಿಲ್ಲಿನಲ್ಲಿ ಅಪ್ಪನ ಜೊತೆಗಾರ. ತಲೆತುಂಬ ಹತ್ತಿ ಅಂಟಿಸಿಕೊಂಡು, ಬಿಸಿ ಮಿರ್ಚಿಯ ಪೊಟ್ಟಣ ಹಿಡಿದು ಬರುತ್ತಿದ್ದ. ಮೆರವಣಿಗೆಯಲ್ಲಿ ನನ್ನ ಜಾಗ ಅವನ ಹೆಗಲು.

ಅಪ್ಪ ಚುನಾವಣೆಗೆ ನಿಂತಾಗ ಕೂಗಿ ಕೂಗಿ ಮಾಮನ ಗಂಟಲು ಬಿದ್ದುಹೋಯಿತು. ಅಪ್ಪ ಶಾಸಕರಾದರು, ಮನೆಗೆ ಜೀಪು ಬಂತು. ಮುಂದಿನ ಬೇಸಿಗೆಯಲ್ಲಿ ಮಿಲ್ಲು ಮುಚ್ಚಿತು. ಸರ್ಕಾರಕ್ಕೆ ಹೇಳಿ ತೆರೆಸುತ್ತೇನೆಂದು ಮಾತು ಕೊಟ್ಟಿದ್ದ ಅಪ್ಪ ಬೆಂಗಳೂರಿನಿಂದ ಬರಿಗೈಯಲ್ಲಿ ಬಂದರು.

ಮಾರನೆಯ ಬೆಳಿಗ್ಗೆ, ಏನಾಯಿತೆಂದು ಕೇಳಲು ಕಾರ್ಮಿಕರೆಲ್ಲ ನಮ್ಮ ಮನೆ ಮುಂದೆ ಸೇರಿದರು. ನಾನು ಖುಷಿಯಿಂದ ಹೊರಗೋಡಲು ಹೊರಟೆ. ಅಪ್ಪ ರಟ್ಟೆ ಹಿಡಿದು ಮೆಲ್ಲಗೆ ಹೇಳಿದರು: "ಅವ್ವಿ, ಸಿರುಗುಪ್ಪಕ್ಕ ಹೋಗ್ಯಾರ ಅಂತ ಹೇಳವಾ."

ಬಾಯಿಪಾಠವಾಗಿದ್ದ ಮಾತು. ಹೊಸ್ತಿಲಲ್ಲಿ ನಿಂತು ಆಟದ ಧಾಟಿಯಲ್ಲೇ ಒದರಿದೆ: "ಅಪ್ಪಾರು ಸಿರುಗುಪ್ಪಕ್ಕ ಹೋಗ್ಯಾರ್ರೀ!" ಈ ಸಲ ಯಾರೂ ನಗಲಿಲ್ಲ.

ಮುಂದೆ ನಿಂತಿದ್ದ ಮಾಮನ ಕಣ್ಣು ಹೊಸ್ತಿಲ ಬಳಿಯಿದ್ದ ಅಪ್ಪನ ಚಪ್ಪಲಿಯ ಮೇಲೆ ಬಿತ್ತು. ಮೆಟ್ಟಿಲು ಹತ್ತಿ ಬಂದು, ನನ್ನ ಕೆನ್ನೆ ಸವರುವ ನೆಪದಲ್ಲಿ ಬಗ್ಗಿ, ಅವನ್ನು ಬಾಗಿಲ ಹಿಂದಕ್ಕೆ ಸರಿಸಿದ. ಆಮೇಲೆ ತಿರುಗಿ, "ನಡೀರಿ, ಊರಾಗಿಲ್ಲಂತ" ಎಂದ.

"ಜೀಪು ಇಲ್ಲೇ ಐತಲ್ಲಲೇ, ದೊಡ್ಡಬಸಾ?" ಎಂದರು ಯಾರೋ.

"ಬಸ್ಸಿಗೆ ಹೋಗಿರ್ತಾನ. ಮೊದ್ಲೆಲ್ಲಾ ಬಸ್ಸಿಗೇ ಹೋಗ್ತಿದ್ದನಲ್ಲ."

ಜನ ಕರಗಿದ ಮೇಲೆ ಹೊರಗೆ ಬಂದ ಅಪ್ಪ ಕಾಲಿನಿಂದ ಚಪ್ಪಲಿ ತಡಕಿದರು; ಅವು ಬಾಗಿಲ ಹಿಂದೆ ಸಿಕ್ಕವು. "ಇವನ್ನ ಒಳಗ ಯಾರಿಟ್ರು?"

"ದೊಡ್ಡಬಸಪ್ಪ ಮಾಮ."

ಅಪ್ಪ ಅಲ್ಲೇ ಹೊಸ್ತಿಲ ಮೇಲೆ ಕೂತರು. ಆ ಬೆಳಿಗ್ಗೆ ಅವರನ್ನು ಒಳಗೆ ಕೂರಿಸಿದ್ದು ಹೆದರಿಕೆಯಲ್ಲ, ನಾಚಿಕೆ ಎಂದು ನನಗೆ ತಿಳಿಯಲು ಎಷ್ಟೋ ವರ್ಷ ಬೇಕಾಯಿತು.

ಮಾಮ ಕುರುಗೋಡಿಗೆ ಹೊರಟುಹೋದ. ಅಪ್ಪ ಹೇಳಿ ಕಳಿಸಿದರೂ ಬರಲಿಲ್ಲ. ನಮ್ಮ ಓಣಿಯಲ್ಲಿ ಆ ಆಟವೂ ನಿಂತಿತು. ಅಪ್ಪ ಇನ್ನೊಮ್ಮೆ ಗೆದ್ದರು, ಹಾರ ಹಿಡಿದವರಿಂದ ಮನೆ ತುಂಬಿತು. ಆದರೆ ಆ ದಿನದಿಂದ ಸಾಯುವ ತನಕ, ಮನೆಯಲ್ಲಿದ್ದಾಗಲೆಲ್ಲ ಅವರು ಚಪ್ಪಲಿಯನ್ನು ಬೀದಿಗೆ ಕಾಣುವಂತೆ ಮೆಟ್ಟಿಲ ನಟ್ಟನಡುವೆ ಬಿಡುತ್ತಿದ್ದರು. ಅದನ್ನು ನೋಡಿ ಒಳಗೆ ಬರಬೇಕಾಗಿದ್ದವನೊಬ್ಬ ಬರಲೇ ಇಲ್ಲ.