ಅಳಿಸಿದ ಮೇಲೆ ಉಳಿದ ಮುಖ

ಆ ಬರದ ವರ್ಷ ಭಾಲ್ಕಿಯ ನನ್ನ ಫೋಟೊ ಅಂಗಡಿಯಲ್ಲಿ ಉಸಿರಾಡಲೂ ಪುರಸೊತ್ತಿರಲಿಲ್ಲ. ಹೈದರಾಬಾದಿಗೆ ಗುಳೆ ಹೊರಟವರು, ಅತ್ತ ಔರಾದ್ ಕಡೆಯವರೂ, ಗುರುತಿನ ಚೀಟಿಗೆಂದು ಫೋಟೊ ತೆಗೆಸಲು ಬರುತ್ತಿದ್ದರು. ಕಂಪ್ಯೂಟರಿನ ಹಾರ್ಡ್ ಡಿಸ್ಕ್ ತುಂಬಿತೆಂದು ಒಂದು ಸಂಜೆ ಹಿಂದಿನ ವರ್ಷದ ಫೋಟೊಗಳನ್ನೆಲ್ಲ ಅಳಿಸಿಬಿಟ್ಟೆ. ಹಳೆಯವು ಯಾರಿಗೆ ಬೇಕು ಎಂಬ ಸೊಕ್ಕು ನನಗೆ.

ಮರುದಿನ ಬೆಳಿಗ್ಗೆ ಭಾತಂಬ್ರಾದ ನಡುವಯಸ್ಸಿನವನೊಬ್ಬ ಜನರನ್ನು ಸರಿಸಿಕೊಂಡು ಮುಂದೆ ಬಂದ. "ಅಕ್ಕಾರ, ಒಂದ್ ಮಾತ್ರಿ..."

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ಸಾಲಿನ್ಯಾಗ ನಿಂದರ್ರಿ. ಉಳಿದವರೇನು ಮಂದಿ ಅಲ್ಲೇನ್ರಿ?" ಎಂದು ಗದರಿದೆ. ಒಂದು ತಾಸು ಸಾಲಿನಲ್ಲಿ ನಿಂತ. ಅಷ್ಟರಲ್ಲಿ ನಾನು ಹನ್ನೆರಡು ಮಂದಿಯ ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿದ್ದೆ.

ಸರದಿ ಬಂದಾಗ ಹೇಳಿದ. ಅವನ ಅಕ್ಕನಿಗೆ ಮಾತು ಬಾರದು, ಕಿವಿ ಕೇಳದು, ಅಕ್ಷರವೂ ಗೊತ್ತಿಲ್ಲ. ಹೈದರಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ತಪ್ಪಿಸಿಕೊಂಡು ಮೂರು ದಿನವಾಗಿದೆ. ಗುರುತಿನ ಚೀಟಿಯಿದ್ದ ಅವಳ ಚೀಲ ಬಸ್ಸಿನಲ್ಲೇ ಹೋಗಿದೆ. ಪೊಲೀಸರು ಫೋಟೊ ಕೇಳುತ್ತಿದ್ದಾರೆ.

"ಹ್ವಾದ ವರ್ಷ ನೀವೇ ತೆಗ್ದೀರಿ. ಆಕಿದು ಅದೊಂದೇ ಫೋಟೊ ಅದ್ರಿ."

ಹಿಂದಿನ ಸಂಜೆ ಅಳಿಸಿದವುಗಳಲ್ಲಿ ಅದೂ ಇತ್ತು. ಅಳಿಸು ಎಂದ ಕೂಡಲೇ ಕಂಪ್ಯೂಟರ್ ಫೋಟೊವನ್ನು ಒರೆಸುವುದಿಲ್ಲ. ಪಟ್ಟಿಯಲ್ಲಿ ಹೆಸರು ಹೊಡೆದು ಆ ಜಾಗ ಖಾಲಿ ಎಂದು ಬರೆದುಕೊಳ್ಳುತ್ತದೆ, ಅಷ್ಟೆ. ಹೊಸದೊಂದು ಬಂದು ಅಲ್ಲಿ ಕೂರುವವರೆಗೆ ಹಳೆಯದು ಅಲ್ಲೇ ಇರುತ್ತದೆ. ನಡುವೆ ಕರೆಂಟ್ ಹೋದರೂ ಎಡವಟ್ಟಾಗದಂತೆ, ಮಾಡಲಿರುವ ಕೆಲಸವನ್ನು ಮೊದಲೇ ಬರೆದಿಟ್ಟುಕೊಳ್ಳುವಷ್ಟು ಜಾಣ ಅದು. ನನ್ನಂಥವಳ ಕೈಯಿಂದ ಕಾಪಾಡುವುದು ಮಾತ್ರ ಅದಕ್ಕೆ ಗೊತ್ತಿಲ್ಲ.

ತಟ್ಟನೆ ಕಂಪ್ಯೂಟರಿನ ವೈರು ಕಿತ್ತೆ. ಕಾಯುತ್ತಿದ್ದವರು ಬೈದರು. ಡಿಸ್ಕ್ ಬಿಚ್ಚಿ ಟವೆಲಿನಲ್ಲಿ ಸುತ್ತಿಕೊಂಡು ಇಬ್ಬರೂ ಬೀದರಿನ ಬಸ್ಸು ಹತ್ತಿದೆವು. ಅಲ್ಲಿನ ಚಿದ್ರಿ ಬಡಾವಣೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಪರಿಚಯದವರಿದ್ದರು. ಡಿಸ್ಕಿನ ಮೇಲೆ ಹೊಸದೇನೂ ಬರೆಯದಂತೆ ಅದನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ ಅವರು ಹುಡುಕತೊಡಗಿದರು. ಹೆಸರು ಕಳೆದುಕೊಂಡ ಮುಖಗಳು ಒಂದೊಂದಾಗಿ ಬಂದವು. ಇವನು ಪ್ರತಿಯೊಂದಕ್ಕೂ ಅಲ್ಲವೆಂದು ತಲೆಯಾಡಿಸುತ್ತಿದ್ದ.

ಮೂರು ತಾಸಾದ ಮೇಲೆ "ಇಕಿನೇ ರೀ!" ಎಂದು ಎದ್ದು ನಿಂತ.

ಹಣೆ, ಹುಬ್ಬಿನ ಮೇಲೊಂದು ಹಳೆಯ ಗಾಯದ ಕಲೆ, ಎರಡು ಕಣ್ಣು, ಅರ್ಧ ಮೂಗು. ಅದರ ಕೆಳಗೆ ಬರೀ ಬೂದು ಬಣ್ಣ.

"ಇದರ ಮ್ಯಾಲ ಹೊಸಾದು ಕುಂತದ್ರಿ. ಇಷ್ಟೇ ಉಳದದ," ಎಂದರು ರಿಪೇರಿಯವರು.

ಅಳಿಸಿದ ಮೇಲೆ ನಾನು ಡಿಸ್ಕಿಗೆ ಹಾಕಿದ್ದು ಆ ಹನ್ನೆರಡು ಮಂದಿಯ ಫೋಟೊಗಳನ್ನಷ್ಟೇ. ಅದನ್ನು ಅವನಿಗೆ ಹೇಳಿಬಿಟ್ಟೆ.

"ನಿಮಗ ಸಾಲಿನ್ಯಾಗ ನಿಂದರಸಿದ್ದೆ ನೋಡ್ರಿ, ಆ ತಾಸಿನ್ಯಾಗೇ ಹೋಗ್ಯದ್ರಿ ಇದು. ನನ್ನಿಂದೇ ಹೋಗ್ಯದ."

ಅವನು ನನ್ನ ಕಡೆ ನೋಡಲೂ ಇಲ್ಲ. "ಉಳಿದಷ್ಟು ಕೊಡ್ರಿ ಅಕ್ಕಾರ. ಹೈದರಾಬಾದ್ ಬಸ್ ಹೋಗ್ತದ."

ಅದಾಗಿ ನಾಲ್ಕನೇ ದಿನ ಅವನ ಫೋನ್ ಬಂತು. ಹೆಂಗಸರ ಆಶ್ರಯಧಾಮವೊಂದರಲ್ಲಿ ಫೋಟೊದಲ್ಲಿನ ಆ ಕಲೆ ನೋಡಿ ಅಕ್ಕನ ಗುರುತು ಹಿಡಿದಿದ್ದರು. "ಸಿಕ್ಕಾಳ್ರಿ," ಎಂದಷ್ಟೇ ಹೇಳಿ ಅಳತೊಡಗಿದ. ಅಂಗಡಿ ತುಂಬ ಜನವಿದ್ದರು. ನಾನೂ ಕುಳಿತಲ್ಲೇ ಅತ್ತುಬಿಟ್ಟೆ.