ಗೋಲಿನ ಮುಂದಿನ ಹುಲ್ಲು

ಶನಿವಾರ ಬೆಳಗಿನ ಏಳು ಗಂಟೆ. ಭೂಮಿಯ ಈ ದಕ್ಷಿಣದ ತುದಿಯ ತಕಾನಿನಿಯಲ್ಲಿ ಆಗಸ್ಟ್ ಎಂದರೆ ಚಳಿಗಾಲ, ಹಲ್ಲು ಕಿತ್ತು ಕೈಗೆ ಕೊಡುವಂತಿದೆ. ಕಾಲೇಜು ಮೈದಾನದಲ್ಲಿ ತಿಪ್ಪೇಸ್ವಾಮಿ ಬಣ್ಣದ ಗಾಡಿ ತಳ್ಳುತ್ತ ಬಿಳಿ ಗೆರೆ ಎಳೆಯುತ್ತಿದ್ದಾರೆ. ನಾಲ್ಕು ಹೆಜ್ಜೆಗೊಮ್ಮೆ ಗಾಡಿ ಬಿಟ್ಟು ಗೋಲಿನ ಹತ್ತಿರ ಹೋಗುತ್ತಾರೆ, ಬಗ್ಗಿ ನೋಡುತ್ತಾರೆ, ವಾಪಸು ಬರುತ್ತಾರೆ.

"ಏನಪ್ಪ, ಬಂಗಾರ ಹೂತಿಟ್ಟಿದ್ದೀಯಾ ಅಲ್ಲಿ?" ಎಂದು ನಮ್ಮ ಹಿತ್ತಲ ಬೇಲಿಯಾಚೆಯಿಂದ ಕೇಳುತ್ತೇನೆ.

"ಹೂತಿದ್ರೆ ಇಷ್ಟೊತ್ತಿಗೆ ನೀವೇ ಅಗೆದಿರ್ತಿದ್ರಿ ಬಿಡಿ ಆಂಟಿ. ಈ ಬೀದೀಲಿ ನಿಮ್ ಕಣ್ಣು ತಪ್ಪಿಸಿ ಇರುವೆನೂ ಹೋಗಲ್ಲ."

ಇಲ್ಲಿ ಹೈಸ್ಕೂಲಿಗೇ ಕಾಲೇಜು ಎನ್ನುತ್ತಾರೆ. ಐವತ್ತೆರಡು ವರ್ಷದ ತಿಪ್ಪೇಸ್ವಾಮಿ ಅದರ ಮೈದಾನ ನೋಡಿಕೊಳ್ಳುವವರು. ಚಳ್ಳಕೆರೆಯಲ್ಲಿ ಕಬಡ್ಡಿ ಆಡಿ ಬೆಳೆದವರು. ಹೆಂಡತಿ ವಾಸಂತಿಗೆ ಈ ದೇಶದಲ್ಲಿ ನರ್ಸ್ ಕೆಲಸ ಸಿಕ್ಕಿದ್ದರಿಂದ 2002ರಲ್ಲಿ ಜೊತೆಗೆ ಬಂದರು. ಎರಡು ವರ್ಷ ಪುಕೆಕೊಹೆಯ ಹೊಲಗಳಲ್ಲಿ ಈರುಳ್ಳಿ ಮೂಟೆ ತುಂಬಿ ಸೊಂಟ ಹಿಡಿಸಿಕೊಂಡರು. ಈಗ ದಿನಕ್ಕೆ ಮೂರು ಮೈದಾನ, ಹನ್ನೆರಡು ಕಿಲೋಮೀಟರ್ ನಡಿಗೆ.

ಕಾಲೇಜಿನ ಫುಟ್‌ಬಾಲ್ ತಂಡ ಈ ವರ್ಷ ಗೋಲಿನ ಮುಂದೆ ನಿಂತು ಎದುರಾಳಿಗಳನ್ನು ತಡೆಯುತ್ತಿದ್ದ ಇಬ್ಬರು ಗಟ್ಟಿ ಆಟಗಾರರನ್ನು ಕಳೆದುಕೊಂಡಿತು. ಒಬ್ಬನ ಮೊಣಕಾಲು ಮುರಿಯಿತು, ಇನ್ನೊಬ್ಬನ ಮನೆಯವರು ಆಸ್ಟ್ರೇಲಿಯಾಕ್ಕೆ ಹೊರಟರು. ಆಮೇಲಿನ ಐದು ಆಟಗಳಲ್ಲಿ ಹತ್ತೊಂಬತ್ತು ಗೋಲು ತಿಂದರು. ಮೈದಾನದಲ್ಲಿ ಮೇಯುವ ಬಾತುಕೋಳಿ ಬಂದಿದ್ದರೂ ಒಂದೆರಡು ಹೊಡೆದುಕೊಂಡು ಹೋಗುತ್ತಿತ್ತು. ಇವತ್ತು ಕೊನೆಯ ಆಟ. ಸೋತರೆ ತಂಡ ಕೆಳದರ್ಜೆಗೆ ಇಳಿಯುತ್ತದೆ. ಸಮ ಮಾಡಿಕೊಂಡರೂ ಉಳಿಯುತ್ತದೆ.

ಹುಡುಗರಲ್ಲಿ ದಮ್ಮಿಲ್ಲ ಎಂದಿದ್ದರು ಕೋಚ್ ಗುರುರಾಜ್, ಮೈಸೂರು ಕಡೆಯ ಗಣಿತದ ಮೇಷ್ಟ್ರು. ಪ್ರತಿ ಸೋಮವಾರ, ಆಟದಲ್ಲಿ ಕಿತ್ತುಹೋದ ಜಾಗಕ್ಕೆಲ್ಲ ಹುಲ್ಲಿನ ಬೀಜ ಹಾಕುವ ತಿಪ್ಪೇಸ್ವಾಮಿ ಒಪ್ಪಲಿಲ್ಲ.

"ಹುಲ್ಲೇ ಹೇಳ್ತೈತೆ ಸಾರ್. ಮುಂದ್ಗಡೆ ಒಂದು ಗರಿಕೆ ಅಲ್ಲಾಡಿಲ್ಲ, ಗೋಲಿನ ಬಾಗ್ಲಲ್ಲಿ ಗದ್ದೆ ಆಗೈತೆ. ತಡೆಯಕ್ಕೆ ನಿಂತಿರೋ ನಾಲ್ಕೂ ಜನ ಹೆದ್ರಿ ಒಬ್ಬೊಬ್ರೇ ಹಿಂದಕ್ಕೆ ಓಡ್ತಾರೆ. ಕಬಡ್ಡೀಲಿ ನಾವು ಕೈ ಹಿಡ್ಕೊಂಡು ನಿಲ್ಲಲ್ವಾ?"

"ಫುಟ್‌ಬಾಲಲ್ಲಿ ಕೈ ಹಿಡ್ಕೊಂಡು ಆಡಕ್ಕಾಗತ್ತೇನ್ರೀ?"

"ಆಡೋವಾಗ ಬ್ಯಾಡ ಸಾರ್. ಕಲಿಯೋವಾಗ."

ಗುರುರಾಜ್ ಕೊನೆಗೆ ಒಪ್ಪಿದರು. ಗೆರೆ ನೇರ ಬರಲೆಂದು ಕಟ್ಟುವ ಹಗ್ಗವನ್ನೇ ನಾಲ್ವರ ಸೊಂಟಕ್ಕೂ ಸುತ್ತಿ ಎರಡು ವಾರ ಅಭ್ಯಾಸ ನಡೆಯಿತು. ಮೊದಲ ದಿನ ಒಬ್ಬ ಎಡವಿದರೆ ನಾಲ್ವರೂ ಕೆಸರಿಗೆ. ನೋಡಿ ನಕ್ಕು ನಕ್ಕು ನನ್ನ ಹಲ್ಲಿನ ಸೆಟ್ಟು ಬೇಲಿ ಹಾರುವುದೊಂದು ಬಾಕಿ.

"ಇವತ್ತು ಸೋತ್ರೆ?" ಎಂದು ಈಗ ತಿಪ್ಪೇಸ್ವಾಮಿಯನ್ನು ಕೆಣಕುತ್ತೇನೆ.

ಅವರು ನಗುವುದಿಲ್ಲ. "ಗೆರೆ ಹಾಕೋನ ಮಾತು ಯಾಕೆ ಕೇಳಿದ್ರಿ ಅಂತ ಎಲ್ರೂ ಸಾರ್‌ನ ಬೈತಾರೆ ಆಂಟಿ. ಆಮೇಲೆ ನಾನು ಬಾಯಿ ಬಿಡಂಗಿಲ್ಲ."

ಹತ್ತಕ್ಕೆ ಆಟ ಶುರು. ತಿಪ್ಪೇಸ್ವಾಮಿ ಕೂರುವುದಿಲ್ಲ, ಗೆರೆಯ ಪಕ್ಕದಲ್ಲಿ ಅತ್ತಿಂದಿತ್ತ ನಡೆಯುತ್ತಾರೆ, ಕೈಯಲ್ಲಿ ಅದೇ ಹಗ್ಗ, ಬಿಚ್ಚುವುದು, ಸುತ್ತುವುದು. ಎದುರಾಳಿಗಳೋ ಒಬ್ಬೊಬ್ಬರೂ ತೆಂಗಿನ ಮರದಷ್ಟು ಎತ್ತರ. ಕೊನೆಯ ನಿಮಿಷದಲ್ಲಿ ಮೂವರು ಒಟ್ಟಿಗೆ ನುಗ್ಗುತ್ತಾರೆ. ನಮ್ಮ ನಾಲ್ವರೂ ಹಿಂದಕ್ಕೆ ಓಡುವುದಿಲ್ಲ. ಸೊಂಟದಲ್ಲಿ ಹಗ್ಗವಿಲ್ಲದಿದ್ದರೂ ಇದ್ದಂತೆ ಒಟ್ಟಿಗೇ ಮುಂದೆ ಬರುತ್ತಾರೆ. ಚೆಂಡು ಒಬ್ಬನ ಎದೆಗೆ ಬಡಿದು ಆಚೆ ಹೋಗುತ್ತದೆ. ಸೀಟಿ. ಸೊನ್ನೆಗೆ ಸೊನ್ನೆ.

ಎಲ್ಲರೂ ತಬ್ಬಿಕೊಂಡು ಕುಣಿಯುವಾಗ ಗುರುರಾಜ್ ಹುಡುಕಿಕೊಂಡು ಬರುತ್ತಾರೆ. ತಿಪ್ಪೇಸ್ವಾಮಿ ಗೋಲಿನ ಮುಂದೆ ಮಂಡಿಯೂರಿ, ಈ ಸಲ ಕಿತ್ತುಹೋಗದೆ ಉಳಿದ ಎಳೆ ಹುಲ್ಲಿನ ಮೇಲೆ ಕೈ ಆಡಿಸುತ್ತಿದ್ದಾರೆ.

"ಇಲ್ಲೇನ್ರೀ ಮಾಡ್ತಿದ್ದೀರಿ? ಬನ್ನಿ, ಹುಡುಗ್ರು ಕರೀತಿದಾರೆ."

"ಬಂದೆ ಸಾರ್," ಎನ್ನುತ್ತಾರೆ ಅವರು, ಕೈ ತೆಗೆಯದೆ. "ಸೋಮವಾರ ಇಲ್ಲಿಗೆ ಬೀಜ ಹಾಕೋ ಕೆಲ್ಸ ಇಲ್ಲ."