ಏರದ ಮುಳ್ಳನ್ನು ನಂಬದ ಲ್ಯಾಂಪಮ್ಮನವರು

ಹಳೆಯ ಗಾಡಿಗೆ ಬೇರೆ ಗಾಡಿಯ ಇಂಜಿನ್ ಕೂರಿಸುವುದು ನಮ್ಮ ಕಸುಬಿನಲ್ಲಿ ದೊಡ್ಡ ಕೆಲಸವೆಂದು ಹೆಸರು ಪಡೆದಿದೆ. ಚೈನು ಬಿಗಿದು ಇಂಜಿನ್ ಎತ್ತುವಾಗ ನಾಲ್ಕು ಜನ ಕೈಕಟ್ಟಿ ನಿಂತು ನೋಡುತ್ತಾರೆ. ಅದು ಮೊದಲ ಸಲ ಗುರುಗುಟ್ಟಿದಾಗ ಚಪ್ಪಾಳೆಯೂ ಬೀಳುತ್ತದೆ. ಆದರೆ ಆ ಇಂಜಿನ್ ಎಷ್ಟು ಕಾದಿದೆಯೆಂಬುದು ಡ್ರೈವರನ ಮುಂದಿರುವ ಮೀಟರಿನ ಮುಳ್ಳಿಗೆ ಗೊತ್ತಾಗಬೇಕು, ಕಾದ ಹೊತ್ತಿಗೆ ರೇಡಿಯೇಟರಿನ ಹಿಂದಿನ ಫ್ಯಾನು ಯಾರ ಅಪ್ಪಣೆಗೂ ಕಾಯದೆ ತಿರುಗಬೇಕು, ತಣಿದ ಮೇಲೆ ತಾನಾಗಿಯೇ ನಿಲ್ಲಬೇಕು. ಇದು ಚಪ್ಪಾಳೆ ಮುಗಿದು ಜನ ಚದುರಿದ ಮೇಲಿನ ಕೆಲಸ. ನಮ್ಮ ಸಾರಿಗೆ ಸಹಕಾರ ಸಂಘದ ವರ್ಕ್‌ಶಾಪಿನಲ್ಲಿ ಆ ಕೆಲಸಕ್ಕೆ ತಮ್ಮ ಆಯುಷ್ಯದ ಬಹುಪಾಲನ್ನು ಕೊಟ್ಟು ಇದೀಗ ನಿವೃತ್ತರಾಗುತ್ತಿರುವವರು ವೈರಿಂಗ್ ವಿಭಾಗದ ಲ್ಯಾಂಪಮ್ಮನವರು. ವೈರಿನಲ್ಲಿ ಕರೆಂಟಿದೆಯೇ ಎಂದು ನೋಡುವ ಟೆಸ್ಟ್ ಲ್ಯಾಂಪನ್ನು ಸದಾ ಕೊರಳಿಗೆ ನೇತುಹಾಕಿಕೊಂಡು ಓಡಾಡುತ್ತಿದ್ದುದರಿಂದ ಬಂದ ಹೆಸರದು. ಅವರಿಗೆ ಬೇರೆ ಹೆಸರೂ ಇದೆಯಂತೆ, ಆದರೆ ಆ ಹೆಸರಿನಿಂದ ಕರೆದರೆ ಅವರೇ ತಿರುಗಿ ನೋಡುವುದಿಲ್ಲ. ಅವರಿಗಿಂತ ಮೊದಲೇ ಮನೆ ಸೇರಿದ ರೇಡಿಯೇಟರ್ ವಿಭಾಗದವರ ಪರವಾಗಿ ಈ ನಾಲ್ಕು ಮಾತು. ನಾವು ಬೆಸುಗೆಯವರು, ವಾಕ್ಯ ಎಲ್ಲಾದರೂ ಸೋರಿದರೆ ಓದುವವರು ದೊಡ್ಡ ಮನಸ್ಸು ಮಾಡಬೇಕು.

ಲ್ಯಾಂಪಮ್ಮನವರು ಮೊದಲು ವರ್ಕ್‌ಶಾಪಿಗೆ ಬಂದದ್ದು ವೈರಿನ ಕೆಲಸಕ್ಕಲ್ಲ, ಸೀಟು ಹೊಲಿಯುವುದಕ್ಕೆ. ತಂದೆತಾಯಿ ಇಲ್ಲದ ಅವರನ್ನು ಸಾಕಿ ದೊಡ್ಡವರನ್ನಾಗಿ ಮಾಡಿದವರು ಅವರ ಅಕ್ಕ. ಕರೆತಂದು ಹೊಲಿಗೆ ಯಂತ್ರದ ಮುಂದೆ ಕೂರಿಸಿದವರು ಆ ಅಕ್ಕನ ಗಂಡ, ನಮ್ಮ ಇಂಜಿನ್ ಫಿಟ್ಟರು. ಲ್ಯಾಂಪಮ್ಮನವರು ಅವರನ್ನು ಭಾವ ಎನ್ನುತ್ತಿದ್ದುದರಿಂದ ಕ್ರಮೇಣ ಇಡೀ ವರ್ಕ್‌ಶಾಪಿಗೇ ಅವರು ಭಾವನಾದರು. ಅಚ್ಚುಕಟ್ಟಿನ ಮನುಷ್ಯ. ಭಾವ ಕೂರಿಸಿದ ಇಂಜಿನ್ನಿನಿಂದ ನೀರಾಗಲಿ ಎಣ್ಣೆಯಾಗಲಿ ತೊಟ್ಟಿಕ್ಕಿದ್ದನ್ನು ಕಂಡವರಿಲ್ಲ. "ನನ್ನ ಇಂಜಿನ್ ಕೆಳಗೆ ಚಾಪೆ ಹಾಸ್ಕೊಂಡು ಮಲಗ್ರಯ್ಯ, ಬೆಳಿಗ್ಗೆ ಎದ್ದಾಗ ಅಂಗಿ ಬೆಳ್ಳಗೇ ಇರುತ್ತೆ" ಎಂಬುದು ಅವರ ಜಂಬ, ಮತ್ತು ಅದು ನ್ಯಾಯವಾದ ಜಂಬವೇ ಆಗಿತ್ತು.

ಆಗ ವೈರಿಂಗ್ ವಿಭಾಗಕ್ಕೆ ಒಬ್ಬ ವಯಸ್ಸಾದ ಯಜಮಾನರಿದ್ದರು. ವೈರಿನ ಕಟ್ಟುಗಳಿಗೆ ಬಟ್ಟೆಯ ತೋಳು ಹೊಲಿಸಿಕೊಳ್ಳಲು ಅವರು ಸೀಟಿನ ವಿಭಾಗಕ್ಕೆ ಬರುತ್ತಿದ್ದರು. ಬಂದಾಗಲೆಲ್ಲ ಈ ಹುಡುಗಿ ಯಾವ ವೈರು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆಂದು ಕೇಳುತ್ತಿದ್ದಳಂತೆ.

"ಏನಮ್ಮ, ಹೊಲಿ ಅಂದ್ರೆ ಹೊಲಿಯೋದು ಬಿಟ್ಟು ವಿಚಾರಣೆ ಮಾಡ್ತೀಯಲ್ಲ?"

"ಯಾವ ವೈರು ಎಲ್ಲಿ ಆಚೆ ಬರ್ಬೇಕು ಅಂತ ಗೊತ್ತಾಗ್ದೆ ತೂತು ಎಲ್ಲಿ ಬಿಡ್ಲಿ, ಯಜಮಾನ್ರೇ?"

ಯಜಮಾನರು ಮರುವಾರವೇ ಸಂಘದವರನ್ನು ಕೇಳಿ ಅವರನ್ನು ತಮ್ಮ ವಿಭಾಗಕ್ಕೆ ಕರೆಸಿಕೊಂಡರು.

ಮುಂದೆ ಸಂಘದ ವ್ಯಾನುಗಳ ಸ್ವಂತ ಇಂಜಿನ್‌ಗಳು ಒಂದೊಂದಾಗಿ ಸವೆದು, ಬೇರೆ ಕಂಪನಿಯ ಇಂಜಿನ್‌ಗಳನ್ನು ತಂದು ಕೂರಿಸುವ ಕಾಲ ಬಂತು. ಹೊರಗಿನಿಂದ ಬಂದ ಇಂಜಿನ್ನಿನ ಸೆನ್ಸರು ಹೇಳುವ ಬಿಸಿ ಒಂದು, ನಮ್ಮ ವ್ಯಾನಿನ ಮೀಟರು ಅರ್ಥಮಾಡಿಕೊಳ್ಳುವ ಬಿಸಿ ಇನ್ನೊಂದು. ಯಾವುದು ಯಾವುದಕ್ಕೆ ಹೊಂದುತ್ತದೆಂದು ತಿಳಿಯಲು ಲ್ಯಾಂಪಮ್ಮನವರು ಸೆನ್ಸರುಗಳನ್ನು ಕ್ಯಾಂಟೀನಿನ ಪಾತ್ರೆಯಲ್ಲಿ ಕುದಿಸಿ, ವೈರು ಎಳೆದು, ಮುಳ್ಳು ಎಲ್ಲಿಗೆ ಏರುತ್ತದೆಂದು ನೋಡುತ್ತಿದ್ದರು. "ಟೀ ಪಾತ್ರೇಲಿ ಇದೇನು ಬೇಯಿಸ್ತಿದ್ದೀಯ ತಾಯಿ?" ಎಂದು ಕ್ಯಾಂಟೀನಿನವನು ಕೂಗಾಡಿದರೆ "ನಿನ್ನ ಟೀಗಿಂತ ಇದೇ ರುಚಿ ಅಂತಿದಾರೆ" ಎನ್ನುವರು. ಕೊನೆಗೆ ತಾವೇ ಒಂದು ಪಾತ್ರೆ ತಂದಿಟ್ಟುಕೊಂಡರು.

ಫ್ಯಾನು ತಿರುಗದಿದ್ದಾಗ ಎಲ್ಲರೂ ಮಾಡುವ ಉಪಾಯವೊಂದಿದೆ: ಸ್ವಿಚ್ಚನ್ನೂ ಸೆನ್ಸರನ್ನೂ ಬಿಟ್ಟು ಫ್ಯಾನಿಗೆ ಡೈರೆಕ್ಟ್ ಕೊಟ್ಟುಬಿಡುವುದು. ಗಾಡಿ ಚಾಲೂ ಆದಾಗಿನಿಂದ ನಿಲ್ಲುವವರೆಗೆ ಅದು ಬಡಬಡನೆ ತಿರುಗುತ್ತಲೇ ಇರುತ್ತದೆ, ಎಲ್ಲರಿಗೂ ನೆಮ್ಮದಿ. ಲ್ಯಾಂಪಮ್ಮನವರು ಒಂದು ಗಾಡಿಗೂ ಹಾಗೆ ಮಾಡಲಿಲ್ಲ. ಡ್ರೈವರುಗಳು ಅವಸರಪಡಿಸಿದರೆ, "ಸದಾ ಮಾತಾಡೋರು ಯಾವತ್ತು ಕಷ್ಟದಲ್ಲಿದ್ರು ಅಂತ ಹೆಂಗಪ್ಪಾ ತಿಳಿಯುತ್ತೆ?" ಎಂದು ಸಮಾಧಾನವಾಗಿ ಕೂರಿಸಿಕೊಳ್ಳುವರು.

ನಮ್ಮ ವಿಭಾಗಕ್ಕೆ ಅವರು ಮಾಡಿದ ಉಪಕಾರವೊಂದನ್ನು ಇಲ್ಲಿ ಹೇಳಲೇಬೇಕು. ಇಂಜಿನ್ ಕುದಿದರೆ ಮೊದಲು ಬೈಸಿಕೊಳ್ಳುವವರು ರೇಡಿಯೇಟರಿನವರು. ಒಂದು ವ್ಯಾನು ನಿಂತಲ್ಲಿ ಕುದಿಯುತ್ತಿತ್ತು, ಫ್ಯಾನು ಮಾತ್ರ ಚೆನ್ನಾಗಿಯೇ ತಿರುಗುತ್ತಿತ್ತು. ನಾವು ಆ ರೇಡಿಯೇಟರನ್ನು ಬಿಚ್ಚಿ ತೊಳೆದು ತೊಳೆದು ಕೈಸೋತಿದ್ದೆವು. ಲ್ಯಾಂಪಮ್ಮನವರು ಸೀಟಿನ ಬಟ್ಟೆಯ ಚೂರೊಂದನ್ನು ತಂದು ಗಾಡಿಯ ಮೂತಿಯ ಮುಂದೆ ಹಿಡಿದರು. ಒಳಕ್ಕೆ ಎಳೆದುಕೊಂಡು ಜಾಲರಿಗೆ ಅಂಟಬೇಕಾದ ಬಟ್ಟೆ ಹೊರಕ್ಕೆ ಹಾರಾಡಿತು. ಇಂಜಿನ್ ಬದಲಿಸುವಾಗ ಫ್ಯಾನಿನ ಎರಡು ವೈರು ಅದಲುಬದಲಾಗಿ ಅದು ಉಲ್ಟಾ ತಿರುಗುತ್ತಿತ್ತು. ಸೇರಿಸಿದವರು ಅವರ ವಿಭಾಗದವರೇ. ಅದನ್ನು ಅವರು ಮುಚ್ಚಿಡಲಿಲ್ಲ. ಊಟದ ಹೊತ್ತಿನಲ್ಲಿ ಎಲ್ಲರೆದುರು ಹೇಳಿ ನಮ್ಮ ಮೇಲಿನ ಅಪವಾದ ತೊಳೆದರು.

ಆದರೆ ಅವರ ಸೇವೆಯನ್ನು ನೆನೆಯುವವರು ಮುಖ್ಯವಾಗಿ ನೆನೆಯಬೇಕಾದದ್ದು ಇದಕ್ಕಿಂತ ಕಠಿಣವಾದ ಒಂದು ಬೇಸಿಗೆಯನ್ನು. ಯಜಮಾನರು ನಿವೃತ್ತರಾಗಿ ವೈರಿಂಗ್ ವಿಭಾಗ ಲ್ಯಾಂಪಮ್ಮನವರ ಕೈಗೆ ಬಂದಿತ್ತು. ಆ ವರ್ಷ ಭಾವ ಇಂಜಿನ್ ಕೂರಿಸಿದ ವ್ಯಾನುಗಳು ವರ್ಕ್‌ಶಾಪಿನಲ್ಲಿ ಸರಿಯಾಗಿದ್ದು, ರಸ್ತೆಯಲ್ಲಿ ಕೆಡಲಾರಂಭಿಸಿದವು. ಫ್ಯಾನು ತಿರುಗದು, ಮುಳ್ಳೂ ಏರದು. ಡ್ರೈವರನ ಕಣ್ಣಿಗೆ ಎಲ್ಲ ತಣ್ಣಗೆ. ಬಾನೆಟ್ಟಿನ ಕೆಳಗೆ ಕುದಿಯುವ ನೀರು. ಒಬ್ಬ ಡ್ರೈವರ್ ಮುಳ್ಳನ್ನು ನಂಬಿ ರೇಡಿಯೇಟರಿನ ಮುಚ್ಚಳ ತಿರುಗಿಸಲು ಹೋಗಿ ಮುಂಗೈ ಸುಟ್ಟುಕೊಂಡ. ಸಂಘದ ಕಾರ್ಯದರ್ಶಿಗಳು ಇಬ್ಬರನ್ನೂ ಕರೆದು ಹೇಳಿದರು: "ಫಿಟ್ಟಿಂಗೋ ವೈರಿಂಗೋ, ಒಂದು ತೀರ್ಮಾನ ಆಗ್ಲಿ. ಯಾರದ್ದಾಗಿದ್ರೂ ಅವರು ಆ ಕೆಲಸದಿಂದ ಇಳೀಬೇಕು." ಹೇಳಿಸಿಕೊಂಡ ಇಬ್ಬರೂ ಉಣ್ಣುತ್ತಿದ್ದದ್ದು ಒಂದೇ ಮನೆಯಲ್ಲಿ, ಒಬ್ಬಳೇ ಬಡಿಸುವ ಊಟವನ್ನು.

ಆ ದಿನಗಳಲ್ಲಿ ಮನೆಯ ಮಾತುಕತೆ ಅಕ್ಕನ ಮೂಲಕವೇ ನಡೆಯುತ್ತಿತ್ತಂತೆ. "ನಿನ್ನ ಭಾವಂಗೆ ನೀರು ಬೇಕಂತೆ ಕಣೆ." "ಎದುರಿಗೇ ಕೂತಿದಾರಲ್ಲಕ್ಕ, ಕೇಳೋಕೆ ಬಾಯಿ ಇಲ್ವಾ?" "ಬಾಯಿ ಇದೆ, ಕೂಲಂಟ್ ಖಾಲಿ ಆಗಿದೆ ಅಂತ ಹೇಳೇ ಅವಳಿಗೆ" ಎಂದು ಭಾವ ಅಕ್ಕನ ಕಡೆಗೇ ತಿರುಗಿ. ನಗಬೇಕಾದ ಮಾತಿಗೂ ಯಾರೂ ನಗುತ್ತಿರಲಿಲ್ಲ.

ಸೆನ್ಸರನ್ನು ಪರೀಕ್ಷಿಸುವ ಕ್ರಮ ಎಲ್ಲರಿಗೂ ಗೊತ್ತಿತ್ತು. ಅದರ ತಲೆಯಿಂದ ವೈರು ಕಿತ್ತು ಇಂಜಿನ್ನಿನ ಮೈಗೆ ಮುಟ್ಟಿಸಿದರೆ, ಫ್ಯಾನಿನ ಸೆನ್ಸರಾದರೆ ಫ್ಯಾನು ತಿರುಗುತ್ತದೆ, ಮೀಟರಿನದಾದರೆ ಮುಳ್ಳು ಮೇಲಕ್ಕೆ ಹಾರುತ್ತದೆ. ಹಾಗಾದರೆ ವೈರು ಸರಿ, ಸೆನ್ಸರು ಕೆಟ್ಟಿದೆ ಎಂದರ್ಥ. ಹೊಸದನ್ನು ಹಾಕುವರು, ಅದೂ ಕೆಡುವುದು. ಅಂಗಡಿಯವನನ್ನು ಬೈದದ್ದಾಯಿತು, ಡ್ರೈವರನ್ನು ಬೈದದ್ದಾಯಿತು. ಒಂದು ಮಧ್ಯಾಹ್ನ, ಕಾದು ನಿಂತ ವ್ಯಾನಿನ ಮುಂದೆ ಲ್ಯಾಂಪಮ್ಮನವರು ಫ್ಯಾನಿನ ಆ ವೈರನ್ನು ಇಂಜಿನ್ನಿಗೆ ಮುಟ್ಟಿಸುವ ಬದಲು ಬೆರಳಿನಷ್ಟು ಈಚೆ, ಸೆನ್ಸರಿನದೇ ಹಿತ್ತಾಳೆಯ ಮೈಗೆ ಮುಟ್ಟಿಸಿದರು. ಫ್ಯಾನು ಕದಲಲಿಲ್ಲ. ಸೆನ್ಸರು ಇಂಜಿನ್ನಿನೊಳಗೆ ಬಿಗಿಯಾಗಿ ಕೂತಿತ್ತು, ಆದರೆ ಇಂಜಿನ್ನಿಗೆ ತಾಗಿರಲಿಲ್ಲ. ಒಂಟಿ ವೈರಿನ ಸೆನ್ಸರಿಗೆ ಇಂಜಿನ್ನಿನ ಮೈಯೇ ಅರ್ತು, ಅಂದರೆ ಕರೆಂಟು ಮರಳುವ ದಾರಿ; ನಡುವೆ ಏನೋ ಅಡ್ಡವಿತ್ತು.

ಅಡ್ಡವಿದ್ದದ್ದು ಭಾವನ ಅಚ್ಚುಕಟ್ಟು. ಹೊರಗಿನ ಇಂಜಿನ್ನಿಗೆ ನಮ್ಮ ಸೆನ್ಸರು ಹೊಂದಿಸುವಾಗ ಹನಿ ಸೋರಬಾರದೆಂದು ಅವರು ಅದರ ತಿರುಪಿನ ಥ್ರೆಡ್ಡಿನ ಸುತ್ತ, ನಲ್ಲಿಗೆ ಸುತ್ತುವ, ಕರೆಂಟು ಹಾಯದ ಬಿಳಿ ಟೇಪನ್ನು ಸುತ್ತುತ್ತಿದ್ದರು. ಮುಳ್ಳಿನ ಸೆನ್ಸರಿಗೂ ಫ್ಯಾನಿನ ಸೆನ್ಸರಿಗೂ ಹಾಗೆಯೇ. ಹೊಸದಾಗಿ ಬಿಗಿದಾಗ ಟೇಪು ಅಲ್ಲಲ್ಲಿ ಕತ್ತರಿಸಿ ಲೋಹ ಲೋಹಕ್ಕೆ ತಾಗುತ್ತಿತ್ತು. ರಸ್ತೆಯಲ್ಲಿ ಕಾದು ಹಿಗ್ಗಿದಾಗ ಬಿಟ್ಟುಹೋಗುತ್ತಿತ್ತು.

ಲ್ಯಾಂಪಮ್ಮನವರು ಅಲ್ಲಿಂದ ನೇರವಾಗಿ ನಮ್ಮ ಬೆಸುಗೆ ಮೇಜಿನ ಬಳಿ ಬಂದು ಕೂತರು. ವಿಷಯ ಕೇಳಿ ನಮ್ಮಲ್ಲೊಬ್ಬರು ಸುಲಭದ ದಾರಿ ಹೇಳಿದರು: ಪ್ರತಿ ಸೆನ್ಸರಿನ ಮೈಗೂ ಒಂದೊಂದು ತೆಳು ವೈರು ಕಟ್ಟಿ ಇಂಜಿನ್ನಿಗೆ ಸೇರಿಸಿಬಿಡು, ಯಾರ ಹೆಸರೂ ಎತ್ತಬೇಕಾಗಿಲ್ಲ.

"ಕಟ್ಬಹುದು ಮಾವ" ಎಂದರು ಅವರು, ನಮ್ಮನ್ನು ಕರೆಯುತ್ತಿದ್ದದ್ದೇ ಹಾಗೆ. "ಭಾವ ನಾಳೆ ಕೂರಿಸೋ ಇಂಜಿನ್‌ಗೂ ಟೇಪು ಸುತ್ತುತಾರೆ. ಅವರಿಗೇ ಗೊತ್ತಿಲ್ದಂಗೆ ಅವರ ಹಿಂದಿಂದೆ ಒರೆಸ್ಕೊಂಡು ಓಡಾಡೋದು ಅವರಿಗೆ ಕೊಡೋ ಮರ್ಯಾದೆನಾ?"

ಎಲ್ಲರೂ ಊಟಕ್ಕೆ ಹೋದ ಮೇಲೆ ಅವರು ಭಾವನನ್ನು ಆ ವ್ಯಾನಿನ ಬಳಿ ಕರೆದೊಯ್ದರು. ಏನೂ ವಿವರಿಸದೆ ವೈರಿನ ತುದಿಯನ್ನು ಅವರ ಕೈಗೇ ಕೊಟ್ಟರು. ಭಾವ ಇಂಜಿನ್ನಿಗೆ ಮುಟ್ಟಿಸಿದರು, ಫ್ಯಾನು ತಿರುಗಿತು. ಸೆನ್ಸರಿನ ಮೈಗೆ ಮುಟ್ಟಿಸಿದರು, ಇಲ್ಲ. "ಏನೋ ಆಟ ಆಡ್ತಿದ್ದೀಯ ನೀನು" ಎಂದು ಮತ್ತೆ ಮುಟ್ಟಿಸಿದರು. ಆಮೇಲೆ ತಾವೇ ಸ್ಪ್ಯಾನರು ಹಿಡಿದು ಸೆನ್ಸರು ಬಿಚ್ಚಿ, ಅದಕ್ಕೆ ಅಂಟಿದ್ದ ಬಿಳಿಯ ಪೊರೆಯನ್ನು ಉಗುರಿನಿಂದ ಪೂರ್ತಿ ಬಿಡಿಸಿದರು.

"ಒಂದು ತೊಟ್ಟೂ ಸೋರಬಾರದು ಅಂತ ಸುತ್ತಿದ್ದು ಕಣಮ್ಮ."

"ಸೋರ್ಲಿಲ್ಲ ಭಾವ. ಅದೂ ನಿಜಾನೇ."

ಕಾರ್ಯದರ್ಶಿಗಳ ಕೋಣೆಗೆ ಭಾವ ತಾವಾಗಿಯೇ ಹೋದರು. ಲ್ಯಾಂಪಮ್ಮನವರೂ ಜೊತೆಗೆ ಹೋಗಿ, ತಪ್ಪು ಜಾಗಕ್ಕೆ ಮುಟ್ಟಿಸಿ ಆ ಗಾಡಿಗಳನ್ನು ಪಾಸು ಮಾಡಿದ್ದು ತಮ್ಮ ವಿಭಾಗವೇ ಎಂದು ಹೇಳಿದರು. ವ್ಯಾನುಗಳೆಲ್ಲ ವಾಪಸು ಬಂದವು, ಟೇಪೆಲ್ಲ ಬಿಚ್ಚಿಹೋಯಿತು. ಆದರೂ ಆಡಿದ ಮಾತಿನಂತೆ ಭಾವನನ್ನು ಇಂಜಿನ್ ಕೆಲಸದಿಂದ ಇಳಿಸಿ ಸ್ಟೋರಿಗೆ ಹಾಕಿದರು. ಜೀವಮಾನವೆಲ್ಲ ಇಂಜಿನ್ ಎತ್ತಿದ ಕೈ ನಟ್ಟುಬೋಲ್ಟು ಎಣಿಸಿ ಕೊಡುವಂತಾಯಿತು.

ಈ ಸುದ್ದಿ ಅಕ್ಕನಿಗೆ ತಲುಪಿದ್ದು ನೆರೆಮನೆಯವರಿಂದ. ಅಕ್ಕ ಅಂದು ಸಂಜೆ ತಂಗಿಗೆ ಆಡಿದ್ದು ಒಂದೇ ಮಾತು: "ತಪ್ಪು ಹೇಳಿದ್ದಕ್ಕೆ ನಂಗೆ ಕೋಪ ಇಲ್ಲ. ಎತ್ತಿ ಆಡಿಸಿದೋಳಿಗೆ ಕೊನೇಲಿ ಗೊತ್ತಾಗ್ಬೇಕಿತ್ತಾ?" ಆಮೇಲೆ ಮಾತು ನಿಂತಿತು. ಲ್ಯಾಂಪಮ್ಮನವರು ಬಟ್ಟೆಬರೆ ಕಟ್ಟಿಕೊಂಡು ವರ್ಕ್‌ಶಾಪಿನ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದರು. ಹೊಲಿಗೆ ಯಂತ್ರದ ಮುಂದೆ ತಮ್ಮನ್ನು ಕೂರಿಸಿದ ಕೈಯನ್ನು ತಾವೇ ಕೆಲಸದಿಂದ ಇಳಿಸಿದಂತಾಯಿತೆಂಬ ಸಂಕಟ ಅವರನ್ನು ಬಿಡಲಿಲ್ಲ. ಕೆಲಸಕ್ಕೆ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಸ್ಟೋರಿನಲ್ಲಿ ಭಾವ ಸುಮ್ಮನೆ ಕೂರಲಿಲ್ಲ. ಸೆನ್ಸರು ಕೇಳಿ ಬಂದವರನ್ನು ಕಿಟಕಿಯ ಮುಂದೆ ನಿಲ್ಲಿಸಿ, "ಒಂಟಿ ವೈರಿಂದೋ ಜೋಡಿ ವೈರಿಂದೋ? ಟೇಪು ಸುತ್ತುತೀಯೋ, ತಾಮ್ರದ ವಾಷರ್ ಹಾಕ್ತೀಯೋ?" ಎಂದು ಕೇಳಿ, ಒಂಟಿ ವೈರಿನದಕ್ಕೆ ಕರೆಂಟು ತಡೆಯದ ತಾಮ್ರವೆಂಬ ಸರಿಯಾದ ಉತ್ತರ ಬಂದರಷ್ಟೇ ಡಬ್ಬಿ ತೆರೆಯುತ್ತಿದ್ದರು. "ಸೆನ್ಸರ್ ಬೇಕಾದ್ರೆ ಪಾಠ ಒಪ್ಪಿಸ್ಬೇಕು ಸಾರ್, ಇದ್ಯಾವ ಕರ್ಮ" ಎಂದು ಫಿಟ್ಟರುಗಳು ದೂರಿತ್ತರು. ದೂರು ಕೇಳಿದ ಕಾರ್ಯದರ್ಶಿಗಳು ನಕ್ಕು, ಇಷ್ಟು ಕಲಿತವನನ್ನು ಸ್ಟೋರಿನಲ್ಲಿಡುವುದು ಸಂಘಕ್ಕೇ ನಷ್ಟವೆಂದು ಭಾವನನ್ನು ಮತ್ತೆ ಇಂಜಿನ್ನಿಗೆ ಕಳಿಸಿದರು.

ಮರಳಿ ಬಂದು ಕೂರಿಸಿದ ಮೊದಲ ಇಂಜಿನ್ನಿಗೆ ಭಾವ ಲ್ಯಾಂಪಮ್ಮನವರನ್ನು ತಾವೇ ಕರೆದರು. ಇಬ್ಬರೂ ಗಾಡಿಯ ಮುಂದೆ ನಿಂತರು. ಮುಳ್ಳು ಏರಿತು, ಫ್ಯಾನು ತಾನಾಗಿ ಹೊರಟಿತು, ನೀರು ತುಸು ತಣಿದ ಮೇಲೆ ತಾನಾಗಿ ನಿಂತಿತು. ಇಂಜಿನ್ ಇನ್ನೂ ಬಿಸಿಯಾಗಿದ್ದಾಗಲೇ ಲ್ಯಾಂಪಮ್ಮನವರು ವೈರು ಕಿತ್ತು ಸೆನ್ಸರಿನ ಮೈಗೆ ಮುಟ್ಟಿಸಿದರು. ಫ್ಯಾನು ಮತ್ತೆ ಹೊರಟಿತು. ಕೆಳಗೆ ಬಗ್ಗಿ ನೋಡಿದರೆ ಒಂದು ತೊಟ್ಟೂ ಸೋರಿರಲಿಲ್ಲ.

ಮರುದಿನ ಅಕ್ಕ ವರ್ಕ್‌ಶಾಪಿನ ಗೇಟಿಗೆ ಬಂದರು. ಒಳಗೆ ಬರಲಿಲ್ಲ, ಅಲ್ಲಿಂದಲೇ ಕರೆದು ತಂಗಿಗೆ ಹೇಳಿದರು: "ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದೀನಿ. ಸಂಜೆ ಬಂದು ಒಳಗೆ ತಗೋ." ಲ್ಯಾಂಪಮ್ಮನವರು ಅಂದು ಕೆಲಸ ಬಿಡುವ ಮೊದಲೇ ಹೊರಟದ್ದನ್ನು ನಾವೆಲ್ಲ ನೋಡಿದೆವು, ಯಾರೂ ತಡೆಯಲಿಲ್ಲ.

ಅಲ್ಲಿಂದ ನಿವೃತ್ತಿಯವರೆಗಿನ ಸೇವೆ ಬಹುಕಾಲದ್ದು. ಅವರ ಕೈಕೆಳಗೆ ಕಲಿತವರು ಆ ವಿವರಗಳನ್ನು ಈ ಬೀಳ್ಕೊಡುಗೆ ಸಂಪುಟದಲ್ಲೇ ಬರೆದಿದ್ದಾರೆ. ನಾವು ಹೇಳಬೇಕಾದದ್ದು ಇಷ್ಟೇ. ಕೆಲಸವನ್ನು ಪರೀಕ್ಷಿಸುವಾಗ ಮನುಷ್ಯನ ಮರ್ಯಾದೆ ಕಳೆಯದೆ, ಮನುಷ್ಯನನ್ನು ಉಳಿಸಿಕೊಳ್ಳುವಾಗ ಕೆಲಸದ ತಪ್ಪನ್ನು ಮುಚ್ಚದೆ ನಡೆಯುವುದು ಸಾಧ್ಯವೆಂದು ಅವರು ತೋರಿಸಿಕೊಟ್ಟರು. ಅದಕ್ಕೆ ತೆರಬೇಕಾದ ಬೆಲೆಯನ್ನೂ ತಾವೇ ತೆತ್ತರು.

ಈಗ ಭಾವನಿಗೆ ಮೊಣಕಾಲು ಮಡಚಲು ಬರುವುದಿಲ್ಲ, ಅಕ್ಕನಿಗೆ ಒಂದು ಕಿವಿ ಮಂದ. ಮೂವರೂ ಒಂದೇ ಮನೆಯಲ್ಲಿದ್ದಾರೆ. ಎಲ್ಲೂ ವಾಸಿಯಾಗದ ಫ್ಯಾನಿನ ಕಾಯಿಲೆಗಳನ್ನು ಹೊತ್ತ ಗಾಡಿಗಳು ಈಗಾಗಲೇ ಆ ಮನೆಯ ಮುಂದೆ ಬಂದು ನಿಲ್ಲತೊಡಗಿವೆ. ಭಾವ ಕುರ್ಚಿಯಲ್ಲಿ ಕೂತು ಸ್ಪ್ಯಾನರು ತೋರಿಸುತ್ತಾರೆ, ಲ್ಯಾಂಪಮ್ಮನವರು ವೈರು ಹಿಡಿಯುತ್ತಾರೆ, ಅಕ್ಕ ಬಾಗಿಲಲ್ಲಿ ನಿಂತು "ಯಾರದ್ದೇ ತಪ್ಪು, ಮೊದ್ಲು ನಂಗೆ ಹೇಳಿ" ಎನ್ನುತ್ತಾರೆ. ಅವರಿಗೆ ದೀರ್ಘಾಯುಷ್ಯವಿರಲಿ, ಬೆರಳುಗಳಲ್ಲಿ ಚುರುಕಿರಲಿ, ಆ ಮನೆಯ ಮುಂದೆ ಇನ್ನೂ ಬಹಳ ವರ್ಷ ಬಿಸಿಯೇರಿದ ಇಂಜಿನ್‌ಗಳು ಬಂದು ತಣ್ಣಗಾಗಿ ಹೋಗಲಿ.